ಎಳೆಯ ಲೆಕ್ಕ, ವೇಳೆಯ ಲೆಕ್ಕ

ಹೆಣ್ಣುಮಗಳು ಜಾಣೆಯೋ ಅಲ್ಲವೋ ಎಂಬುದನ್ನು ಅಳೆಯಲು ನಮ್ಮ ಹಿರಿಯರು ಇಟ್ಟುಕೊಂಡಿದ್ದ ಒರೆಗಲ್ಲುಗಳಲ್ಲಿ ಸೂಜಿ-ದಾರವೂ ಒಂದಾಗಿತ್ತು. ಧಾರವಾಡದ ಕಡೆ ಕಸೂತಿ, ಹಳೆಯ ಸೀರೆಗಳನ್ನು ಪದರಪದರವಾಗಿ ಜೋಡಿಸಿ ಹೊಲಿಯುವ ಕೌದಿ, ಕರಾವಳಿಯಲ್ಲಿ ಚಾಪೆ ಹೆಣೆಯುವುದು, ಎಲ್ಲೆಡೆಯೂ ರಂಗೋಲಿ ಮತ್ತು ಹೂ ಕಟ್ಟುವುದು: ಇವೆಲ್ಲ ಊರು ಬಿಟ್ಟು ಮುಂಬಯಿಗೆ ಬಂದ ನಮ್ಮ ಕುಟುಂಬಗಳೊಡನೆ ಟ್ರಂಕಿನಲ್ಲಿಯೇ ಬಂದುವು. ಇಂದಿಗೂ ಸಂಘಗಳ ವಾರ್ಷಿಕೋತ್ಸವಗಳಲ್ಲಿ ತರುಣಿಯರ ಕರಕುಶಲ ಪ್ರದರ್ಶನವಿರುವುದುಂಟು. ಅಧ್ಯಕ್ಷರು ನಾಲ್ಕು ಮೆಚ್ಚುಮಾತುಗಳನ್ನು ಆಡುತ್ತಾರೆ. ಬಹುಮಾನವಾಗಿ ಸ್ಟೀಲಿನ ಡಬ್ಬಿಯೊಂದು ಸಲ್ಲುತ್ತದೆ. ಅಲ್ಲಿಗೆ ವಿಷಯ ಮುಗಿಯುತ್ತದೆ.

ಅಲ್ಲಿಗೆ ಮುಗಿಯಬಾರದೆಂಬುದು ನನ್ನ ಅಭಿಪ್ರಾಯ. ವಾಣಿಜ್ಯಶಾಸ್ತ್ರವನ್ನು ಓದಿ, ಎರಡು ದಶಕಗಳ ಕಾಲ ಬ್ಯಾಂಕಿನ ಮೇಜಿನ ಹಿಂದೆ ಕುಳಿತವನಿಗೆ, ಯಾವುದನ್ನು ಕಂಡರೂ ಅದರ ಜಮೆ-ಖರ್ಚು ಎಲ್ಲಿ ಬರೆದಿದೆಯೆಂದು ಹುಡುಕುವುದು ಸ್ವಭಾವವಾಗಿಬಿಡುತ್ತದೆ. ನಮ್ಮ ಮನೆಗಳ ತರುಣಿಯ ದಿನಚರಿಯನ್ನು ಆ ಕಣ್ಣಿನಿಂದ ನೋಡಿದರೆ, ಆಕೆಯ ಕೈಗೆಲಸ, ಆಕೆಯ ಹೊತ್ತು, ಆಕೆಯ ಆರೋಗ್ಯ, ಆಕೆಯ ಹೆಸರು, ಈ ನಾಲ್ಕೂ ಯಾವ ಪುಸ್ತಕದಲ್ಲಿಯೂ ಸರಿಯಾಗಿ ದಾಖಲಾಗಿಲ್ಲವೆಂಬುದು ಗೊತ್ತಾಗುತ್ತದೆ.

ಕೈಗೆಲಸದ ಬೆಲೆ

ಕಸೂತಿಯನ್ನೇ ತೆಗೆದುಕೊಳ್ಳೋಣ. ಇದರಲ್ಲಿ ಬಟ್ಟೆಯ ಮೇಲೆ ಮೊದಲು ಚಿತ್ರ ಬರೆದುಕೊಳ್ಳುವ ಪದ್ಧತಿಯಿಲ್ಲ. ಎಳೆಗಳನ್ನು ಎಣಿಸಿಯೇ ಸೂಜಿ ಹಾಕಬೇಕು. ದಾರಕ್ಕೆ ಗಂಟು ಹಾಕುವಂತಿಲ್ಲ. ಗವಂತಿ, ಮುರಗಿ, ನೇಗಿ, ಮೆಂತಿ ಎಂಬ ನಾಲ್ಕು ಹೊಲಿಗೆಗಳಲ್ಲಿ ಮೊದಲಿನ ಎರಡರಲ್ಲಿ, ಹೋದ ದಾರಿಯಲ್ಲಿಯೇ ಹಿಂತಿರುಗಿ ಬಂದು ಬಿಟ್ಟ ಜಾಗವನ್ನು ತುಂಬಬೇಕು. ಆಗಲೇ ಬಟ್ಟೆಯ ಎರಡು ಮಗ್ಗುಲೂ ಒಂದೇ ಸಮವಾಗಿ ಕಾಣುತ್ತವೆ. ಗೋಪುರ, ರಥ, ತುಳಸಿಕಟ್ಟೆ, ಆನೆಗಳು ಹೀಗೆ ಎಣಿಕೆಯಿಂದಲೇ ಮೂಡುತ್ತವೆ. ಒಂದು ಎಳೆ ತಪ್ಪಿದರೆ ಸಾಲೆಲ್ಲ ಬಿಚ್ಚಬೇಕು. ಬ್ಯಾಂಕಿನಲ್ಲಿ ಒಂದು ಅಂಕಿ ತಪ್ಪಿದರೆ ಸಂಜೆ ತಾಳೆ ಬೀಳದ ಹಾಗೆಯೇ ಇದು. ಇದು ಗಣಿತ, ಬರಿಯ ಹೊತ್ತು ಕಳೆಯುವ ಸಾಧನವಲ್ಲ.

ಆದರೆ ಇದಕ್ಕೆ ನಾವು ಕೊಡುವ ಬೆಲೆಯೇನು? ಒಂದು ಸೀರೆಗೆ ದಿನಕ್ಕೆ ಎರಡು ಗಂಟೆಯಂತೆ ಎರಡು ತಿಂಗಳು ಹಿಡಿಯಿತೆಂದು ಇಟ್ಟುಕೊಳ್ಳೋಣ. 120 ಗಂಟೆಗಳಾದುವು. ಪರಿಚಯದವರೆಂಬ ಸಲುಗೆಯಿಂದ ಮೂರು ಸಾವಿರ ರೂಪಾಯಿ ಕೈಗಿತ್ತರೆ ಗಂಟೆಗೆ 25 ರೂಪಾಯಿಯಾಯಿತು. ಅದರಲ್ಲಿಯೇ ದಾರದ ಖರ್ಚು. ಕೊಡುವವರಿಗೂ ಪಡೆಯುವವಳಿಗೂ ಈ ಭಾಗಾಕಾರ ಮಾಡಿ ನೋಡುವ ಅಭ್ಯಾಸವಿಲ್ಲ. "ಮನೆಯಲ್ಲಿ ಕುಳಿತು ಮಾಡಿದ್ದಲ್ಲವೇ" ಎಂಬ ಒಂದು ಮಾತಿನಲ್ಲಿ 120 ಗಂಟೆಗಳು ಕರಗಿಹೋಗುತ್ತವೆ.

ಕಲೆಗೆ ಬೆಲೆ ಕಟ್ಟಬಾರದು, ಅದು ಸಂಸ್ಕೃತಿ ಎಂದು ಹೇಳುವ ಹಿರಿಯರಿದ್ದಾರೆ. ಅವರ ಭಾವನೆಯ ಬಗ್ಗೆ ನನಗೆ ಗೌರವವಿದೆ. ಆದರೆ ಮಂಗಳೂರಿನಲ್ಲಿ 1903ರಲ್ಲಿ ಜನಿಸಿದ ಕಮಲಾದೇವಿ ಚಟ್ಟೋಪಾಧ್ಯಾಯರ ಬಾಳನ್ನು ಅವರು ನೆನೆಯಬೇಕು. 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಮಹಿಳೆಯರೂ ಭಾಗವಹಿಸಬೇಕೆಂದು ಗಾಂಧೀಜಿಯವರೊಡನೆ ವಾದಿಸಿದ ಈ ಮಹಿಳೆಯೇ, 1952ರಲ್ಲಿ ಸ್ಥಾಪಿತವಾದ ಅಖಿಲ ಭಾರತ ಕರಕುಶಲ ಮಂಡಳಿಯ ನೇತೃತ್ವ ವಹಿಸಿದರು. ಸಮಾನತೆಯ ಹೋರಾಟವನ್ನೂ ಕರಕುಶಲದ ಉದ್ಧಾರವನ್ನೂ ಆಕೆ ಒಂದೇ ಕೈಯಲ್ಲಿ ಹಿಡಿದರು. ನಮ್ಮ ಮುಂಬಯಿಯ ಗಿರಗಾಂವಿನಲ್ಲಿಯೇ 1959ರಲ್ಲಿ ಏಳು ಮಂದಿ ಗೃಹಿಣಿಯರು 80 ರೂಪಾಯಿ ಸಾಲದಿಂದ ಹಪ್ಪಳ ಲಟ್ಟಿಸಲು ಆರಂಭಿಸಿದುದು ಲಿಜ್ಜತ್ ಪಾಪಡ್ ಆಗಿ ಬೆಳೆಯಿತು. ಹಪ್ಪಳ ಲಟ್ಟಿಸುವುದು ಅವರಿಗೆ ಹೊಸ ವಿದ್ಯೆಯಾಗಿರಲಿಲ್ಲ. ಹೊಸದಾಗಿ ಬಂದುದು ಲೆಕ್ಕದ ಪುಸ್ತಕ ಮತ್ತು ದುಡಿದವಳಿಗೇ ಪಾಲು ಎಂಬ ನಿಯಮ.

ಹೊತ್ತಿನ ಲೆಕ್ಕ

ಇನ್ನು ಹೊತ್ತಿನ ವಿಚಾರ. ಡೊಂಬಿವಲಿಯಲ್ಲಿಯೋ ಮೀರಾ ರೋಡಿನಲ್ಲಿಯೋ ಇರುವ ನಮ್ಮ ಕನ್ನಡ ಮನೆಯ ತರುಣಿ ಬೆಳಗಿನ ಐದಕ್ಕೆ ಎದ್ದು, ಒಗ್ಗರಣೆ ಹಾಕಿ, ಡಬ್ಬಿಗಳನ್ನು ಕಟ್ಟಿ, ಲೋಕಲ್ ಗಾಡಿ ಹಿಡಿದು ಕಚೇರಿಗೆ ಹೋಗುತ್ತಾಳೆ. ಪಶ್ಚಿಮ ರೈಲ್ವೆಯು 1992ರ ಮೇ ತಿಂಗಳಿನಲ್ಲಿ ಚರ್ಚ್‌ಗೇಟ್‌ ಮತ್ತು ಬೊರಿವಲಿಗಳ ನಡುವೆ ಮಹಿಳೆಯರಿಗಾಗಿಯೇ ವಿಶೇಷ ಗಾಡಿಯನ್ನು ಓಡಿಸಲಾರಂಭಿಸಿತು. ಮಹಿಳೆಯರ ಡಬ್ಬಿಯಲ್ಲಿ ಸಂಜೆ ಬಟಾಣಿ ಸುಲಿಯುವವರನ್ನೂ ಸೊಪ್ಪು ಸೋಸುವವರನ್ನೂ ಕಾಣದ ಮುಂಬಯಿಗರಿಲ್ಲ. ನಾವು ಇದನ್ನು ಮುಂಬಯಿಯ ಸೊಬಗೆಂದು ಬಣ್ಣಿಸುತ್ತೇವೆ. ಪಕ್ಕದ ಡಬ್ಬಿಯಲ್ಲಿ ನಿಂತು ಮನೆಗೆ ಮರಳುವ ಗಂಡಸರಲ್ಲಿ ಒಬ್ಬನಾದರೂ ಬಟಾಣಿ ಸುಲಿಯುವುದನ್ನು ಯಾರಾದರೂ ಕಂಡಿದ್ದಾರೆಯೇ?

ಕೇಂದ್ರ ಸರಕಾರದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, 2019ರಲ್ಲಿ ಸಂಬಳವಿಲ್ಲದ ಮನೆಗೆಲಸ ಮಾಡಿದ ಮಹಿಳೆ ದಿನಕ್ಕೆ ಸರಾಸರಿ 299 ನಿಮಿಷಗಳನ್ನು ಅದಕ್ಕಾಗಿ ಕಳೆದಳು; ಪುರುಷನು 97 ನಿಮಿಷಗಳನ್ನು. 2024ರ ಸಮೀಕ್ಷೆಯಲ್ಲಿ ಇವು 289 ಮತ್ತು 88 ಆದುವು. ವಾಚಕರು ವ್ಯವಕಲನ ಮಾಡಿ ನೋಡಬೇಕು. 2019ರಲ್ಲಿ ಅಂತರ 202 ನಿಮಿಷ, 2024ರಲ್ಲಿ 201. ಐದು ವರ್ಷಗಳಲ್ಲಿ ನಾವು ಸಾಧಿಸಿದ ಸಮಾನತೆ ದಿನಕ್ಕೆ ಒಂದು ನಿಮಿಷ! ಅದೂ ಕೈಹಚ್ಚಿದ ಪುರುಷರ ಸರಾಸರಿ ಮಾತ್ರ. 2019ರಲ್ಲಿ ಮನೆಗೆಲಸದಲ್ಲಿ ತೊಡಗಿದ ಮಹಿಳೆಯರು ನೂರಕ್ಕೆ 81 ಮಂದಿಯಾದರೆ, ಪುರುಷರು 26 ಮಂದಿ ಮಾತ್ರ. ದಿನಕ್ಕೆ 201 ನಿಮಿಷವೆಂದರೆ ವರ್ಷಕ್ಕೆ 1,222 ಗಂಟೆಗಳಿಗೂ ಹೆಚ್ಚು. ಎಂಟು ಗಂಟೆಯ ಕಚೇರಿ ದಿನಗಳಾಗಿ ಪರಿವರ್ತಿಸಿದರೆ 150ಕ್ಕೂ ಮಿಕ್ಕಿ. ಬಡ್ತಿಯ ಪರೀಕ್ಷೆಗೆ ಆಕೆ ಏಕೆ ಕೂಡಲಿಲ್ಲ, ಹೊಲಿಗೆಯನ್ನು ಏಕೆ ಕೈಬಿಟ್ಟಳು, ಕಾದಂಬರಿ ಓದುವುದನ್ನು ಏಕೆ ಮರೆತಳು ಎಂಬ ಪ್ರಶ್ನೆಗಳಿಗೆ ಉತ್ತರ ಬಹುಮಟ್ಟಿಗೆ ಈ ದಿನಗಳಲ್ಲಿಯೇ ಇದೆ.

ಕೈಗೆಲಸವೇ ಹೆಣ್ಣಿಗೆ ಬಂಧನವೆಂದು ವಾದಿಸುವ ಕೆಲವು ತರುಣಿಯರ ಮಾತನ್ನೂ ನಾನು ಪೂರ್ತಿ ಒಪ್ಪಲಾರೆ. ಭಾನುವಾರದ ಮಧ್ಯಾಹ್ನ ತನ್ನ ಇಚ್ಛೆಯಿಂದ ಕಿಟಕಿಯ ಬಳಿ ಕುಳಿತು ಎಳೆ ಎಣಿಸುವವಳ ಮನಸ್ಸು ವಿಶ್ರಾಂತಿ ಪಡೆಯುತ್ತದೆ. ಅದೇ ಕೆಲಸವನ್ನು ಅತ್ತಿಗೆಯ ಸೀಮಂತದ ಹಿಂದಿನ ರಾತ್ರಿ ಒತ್ತಾಯಕ್ಕೆ ಮಾಡುವವಳ ಕಣ್ಣು ಉರಿಯುತ್ತದೆ. ಸೂಜಿ ಒಂದೇ, ವ್ಯತ್ಯಾಸವಿರುವುದು ಆಯ್ಕೆಯಲ್ಲಿ.

ಆರೋಗ್ಯದ ಲೆಕ್ಕ

ಹೊತ್ತಿನ ಕೊರತೆ ಮೊದಲು ಕಾಣಿಸಿಕೊಳ್ಳುವುದು ಊಟದಲ್ಲಿ. ಎಲ್ಲರಿಗೂ ಬಡಿಸಿ ಉಳಿದುದನ್ನು ಉಣ್ಣುವುದು, ಬೆಳಗಿನ ತಿಂಡಿಯ ಬದಲು ಒಂದು ಲೋಟ ಚಹಾ ಕುಡಿದು ಓಡುವುದು ನಮ್ಮ ಮನೆಗಳಲ್ಲಿ ಸಾಮಾನ್ಯ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವರ್ಷದ ಭಾರತೀಯ ಮಹಿಳೆಯರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆಯಿದ್ದುದು ಕಂಡುಬಂತು. ಅದೇ ವಯಸ್ಸಿನ ಪುರುಷರಲ್ಲಿ 25 ಮಂದಿಗೆ. ಹಿಂದಿನ 2015-16ರ ಸಮೀಕ್ಷೆಯಲ್ಲಿ ಮಹಿಳೆಯರ ಪ್ರಮಾಣ 53 ಆಗಿತ್ತು. ಎಂದರೆ ಪರಿಸ್ಥಿತಿ ಸುಧಾರಿಸುವ ಬದಲು ಕೆಟ್ಟಿತು.

ಗರ್ಭಿಣಿಯಲ್ಲದ ವಯಸ್ಕ ಮಹಿಳೆಯ ರಕ್ತದಲ್ಲಿ ಹಿಮೋಗ್ಲೋಬಿನ್ ಪ್ರತಿ ಡೆಸಿಲೀಟರಿಗೆ 12 ಗ್ರಾಮಿಗಿಂತ ಕಡಿಮೆಯಾದರೆ ಅದನ್ನು ರಕ್ತಹೀನತೆ ಎನ್ನುತ್ತಾರೆ. ರೈಲ್ವೆ ಸೇತುವೆಯ ಮೆಟ್ಟಿಲು ಹತ್ತುವಾಗ ಏದುಸಿರು, ಎದೆಬಡಿತ, ಸದಾ ಆಯಾಸ, ತಲೆಸುತ್ತು, ಮುಖ ಬಿಳಿಚಿಕೊಳ್ಳುವುದು ಇವು ಅದರ ಲಕ್ಷಣಗಳು. ಇವನ್ನು ಸೋಮಾರಿತನವೆಂದು ಬೈಯುವ ಮನೆಗಳೂ ಇವೆ. ತಿಂಗಳು ತಿಂಗಳೂ ರಕ್ತ ಹೋಗುವುದರಿಂದ ಹೆಣ್ಣಿಗೆ ಕಬ್ಬಿಣದ ಅಂಶ ಗಂಡಸಿಗಿಂತ ಹೆಚ್ಚು ಬೇಕು. ಆದರೆ ತಟ್ಟೆಯಲ್ಲಿ ಬೀಳುವುದು ಕಡಿಮೆ. ಹುರುಳಿ, ಕಾಳುಗಳು, ಸೊಪ್ಪು ಊಟದಲ್ಲಿರಲಿ. ಅದರೊಡನೆ ನಿಂಬೆಹಣ್ಣು ಅಥವಾ ನೆಲ್ಲಿಕಾಯಿ ಇದ್ದರೆ ಕಬ್ಬಿಣದ ಅಂಶ ಚೆನ್ನಾಗಿ ಮೈಗೆ ಹತ್ತುತ್ತದೆ. ಊಟದ ಜೊತೆಗೇ ಕುಡಿದ ಕಾಫಿ, ಚಹಾ ಅದನ್ನು ತಡೆಯುತ್ತವೆ. ಒಂದು ಗಂಟೆಯ ಅಂತರವಿರುವುದು ಒಳ್ಳೆಯದು. ಬರಿಯ ಶಾಕಾಹಾರಿಗಳಲ್ಲಿ ಬಿ-12 ಜೀವಸತ್ತ್ವದ ಕೊರತೆಯೂ ಕಾರಣವಾಗಿರಬಹುದು. ಆದುದರಿಂದ ನೆರೆಮನೆಯವರು ಹೇಳಿದ ಗುಳಿಗೆಯನ್ನು ನುಂಗದೆ, ರಕ್ತಪರೀಕ್ಷೆ ಮಾಡಿಸಿ ವೈದ್ಯರ ಸಲಹೆ ಪಡೆಯುವುದೇ ಕ್ಷೇಮ.

ಮನಸ್ಸಿನ ಆರೋಗ್ಯವನ್ನೂ ಮರೆಯುವಂತಿಲ್ಲ. ನಿದ್ರೆ ಬಾರದಿರುವುದು, ಕಾರಣವಿಲ್ಲದೆ ಅಳು ಬರುವುದು, ಯಾವುದರಲ್ಲಿಯೂ ಆಸಕ್ತಿಯಿಲ್ಲದಿರುವುದು ವಾರಗಟ್ಟಲೆ ಮುಂದುವರಿದರೆ, ಅದು ಕಾಯಿಲೆಯಾಗಿರಬಹುದು, ಹಟವಲ್ಲ. ಸರಕಾರವು 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಕರೆ ಮಾಡಿದರೆ, ಮುಂಬಯಿಯಂತಹ ಪರಊರಿನಲ್ಲಿದ್ದರೂ ಕನ್ನಡವನ್ನು ಆಯ್ದುಕೊಂಡು ಮಾತನಾಡುವ ಅನುಕೂಲವಿದೆ.

ಹೆಸರಿನ ಲೆಕ್ಕ

ಕಡೆಯದು ಹೆಸರು. ಮೇಲಿನ ಸಮೀಕ್ಷೆಯ ಪ್ರಕಾರವೇ, ತಾನೇ ವ್ಯವಹರಿಸುವ ಬ್ಯಾಂಕ್ ಖಾತೆಯುಳ್ಳ ಮಹಿಳೆಯರು 2015-16ರಲ್ಲಿ ನೂರಕ್ಕೆ 53 ಇದ್ದವರು 2019-21ರ ಹೊತ್ತಿಗೆ 78 ದಾಟಿದರು. ಇದು ಸಂತೋಷದ ಸಂಗತಿ. ಆದರೆ ಕೌಂಟರಿನ ಈಚೆಯಿಂದ ನಮಗೆ ಕಾಣುವ ದೃಶ್ಯ ಬೇರೆ. ಖಾತೆ ಮಗಳದು, ಸಂಬಳ ಮಗಳದು. ಎಟಿಎಂ ಕಾರ್ಡು ತಂದೆಯ ಕಿಸೆಯಲ್ಲಿ, ಖಾತೆಗೆ ಜೋಡಿಸಿದ ಮೊಬೈಲ್ ಸಂಖ್ಯೆ ಅಣ್ಣನದು. ಮದುವೆಯಾದ ಮೇಲೆ ಇವೆರಡೂ ಗಂಡನಿಗೆ ವರ್ಗವಾಗುತ್ತವೆ. ಒಡವೆ ಅಡವಿಡುವಾಗ ಮಾತ್ರ ಆಕೆಯ ರುಜು ಬೇಕಾಗುತ್ತದೆ. ಹಣ ಎಲ್ಲಿಗೆ ಹೋಯಿತೆಂದು ಆಕೆ ಕೇಳಿದರೆ ಅಪನಂಬಿಕೆಯ ಆರೋಪ ಬರುತ್ತದೆ. ಪ್ರೀತಿ ಬೇರೆ, ಲೆಕ್ಕ ಬೇರೆ. ಲೆಕ್ಕ ಚೊಕ್ಕವಾಗಿದ್ದಲ್ಲಿ ಪ್ರೀತಿಯೂ ಬಾಳುತ್ತದೆ.

ಆಸ್ತಿಯ ವಿಷಯದಲ್ಲಿಯೂ ಇದೇ ಕಥೆ. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಪಾಲು ಎಂದು ಕರ್ನಾಟಕವು 1994ರಲ್ಲಿಯೇ ಕಾನೂನು ತಿದ್ದಿತು. 2005ರಲ್ಲಿ ದೇಶಕ್ಕೆಲ್ಲ ಅಂತಹ ತಿದ್ದುಪಡಿ ಬಂತು. 2005ರಲ್ಲಿ ತಂದೆ ಬದುಕಿರಲೇಬೇಕೆಂಬ ನಿರ್ಬಂಧವಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2020ರಲ್ಲಿ ಸ್ಪಷ್ಟಪಡಿಸಿತು. ಆದರೂ ಊರಿನ ಜಮೀನಿನ ವ್ಯವಹಾರಕ್ಕೆಂದು ಮುಂಬಯಿಯಿಂದ ಹೆಣ್ಣುಮಕ್ಕಳನ್ನು ಕರೆಸಿ, ಉಪನೋಂದಣಿ ಕಚೇರಿಯಲ್ಲಿ ಹಕ್ಕು ಬಿಡುಗಡೆಯ ಪತ್ರಕ್ಕೆ ರುಜು ಹಾಕಿಸಿ, ಅರಿಶಿನ-ಕುಂಕುಮಕ್ಕೆಂದು ಒಂದು ಸೀರೆ ಕೊಟ್ಟು ಕಳುಹಿಸುವ ಪದ್ಧತಿ ನಡೆದೇ ಇದೆ. ಓದಿ, ತಿಳಿದು, ಮನಸಾರೆ ಬಿಟ್ಟುಕೊಡುವುದು ಔದಾರ್ಯ. ಓದಗೊಡದೆ ರುಜು ಪಡೆಯುವುದಕ್ಕೆ ಬೇರೆ ಹೆಸರಿದೆ.

ಸಂಘಗಳು ಮಾಡಬಹುದಾದುದು

ಟೀಕೆ ಸುಲಭ, ಕಾರ್ಯ ಕಷ್ಟ ಎನ್ನುತ್ತಾರೆ. ಆದುದರಿಂದ ಸುಲಭವಾದ ನಾಲ್ಕು ಕಾರ್ಯಗಳನ್ನು ಸೂಚಿಸುತ್ತೇನೆ. ಒಂದು: ಪ್ರದರ್ಶನದಲ್ಲಿಟ್ಟ ಪ್ರತಿಯೊಂದು ಕೈಗೆಲಸಕ್ಕೂ ಹಿಡಿದ ಗಂಟೆಗಳನ್ನೂ ಬೆಲೆಯನ್ನೂ ಬರೆದ ಚೀಟಿ ಅಂಟಿಸಲಿ, ಬಹುಮಾನದ ಡಬ್ಬಿಗಿಂತ ಒಬ್ಬ ಗಿರಾಕಿ ಮೇಲು. ಎರಡು: ವಾರ್ಷಿಕೋತ್ಸವದ ದಿನ ಹಿಮೋಗ್ಲೋಬಿನ್ ಪರೀಕ್ಷೆಯ ಏರ್ಪಾಡಾಗಲಿ; ಸದಸ್ಯರಲ್ಲಿ ವೈದ್ಯರಿಗೆ ಕೊರತೆಯಿಲ್ಲ. ಮೂರು: ಬ್ಯಾಂಕಿನ ನೌಕರರಾದ ನಾವು ಕೆಲವರು ಒಂದು ಭಾನುವಾರ ಕುಳಿತು, ತರುಣಿಯರಿಗೆ ತಮ್ಮ ಖಾತೆ, ನಾಮನಿರ್ದೇಶನ, ವಿಮೆ, ಆಸ್ತಿಪತ್ರಗಳನ್ನು ಓದುವುದನ್ನು ಹೇಳಿಕೊಡೋಣ. ನಾಲ್ಕು: ಸಂಘದ ಊಟದ ದಿನ ಹೆಚ್ಚುವುದು, ಬಡಿಸುವುದು, ಪಾತ್ರೆ ತೊಳೆಯುವುದು ಪುರುಷ ಸದಸ್ಯರ ಪಾಲಿಗಿರಲಿ, ಮಹಿಳೆಯರು ಮೊದಲ ಪಂಕ್ತಿಯಲ್ಲಿ ಕುಳಿತು ಬಿಸಿಬಿಸಿಯಾಗಿ ಉಣ್ಣಲಿ. ಇದನ್ನು ಕಂಡು ಬೆಳೆದ ಹುಡುಗರಿಗೆ ಮನೆಯಲ್ಲಿ ಪ್ರತ್ಯೇಕ ಉಪದೇಶ ಬೇಕಾಗದು.

ಹೆಣ್ಣುಮಕ್ಕಳ ಸಮಾನತೆಯೆಂದರೆ ಮನೆ ಒಡೆಯುವ ಮಾತೆಂದು ಅಂಜುವವರು ನಮ್ಮಲ್ಲಿ ಇನ್ನೂ ಇದ್ದಾರೆ. ತನ್ನ ದುಡಿಮೆಯ ಬೆಲೆ ಬಲ್ಲ, ಹೊಟ್ಟೆತುಂಬ ಉಂಡು ಕಣ್ತುಂಬ ನಿದ್ರಿಸುವ, ತಾನು ರುಜು ಹಾಕುವ ಕಾಗದವನ್ನು ಓದಿ ನೋಡುವ ಮಗಳಿಂದ ಯಾವ ಮನೆಯೂ ಒಡೆಯದು. ಕಷ್ಟಕಾಲದಲ್ಲಿ ಆ ಮನೆಯನ್ನು ಎತ್ತಿ ನಿಲ್ಲಿಸುವವಳೂ ಅವಳೇ.