ಕಬ್ಬಿನ ಸಿಪ್ಪೆಯ ವಿದ್ಯುತ್ತು ಯಾರದು?

ಆಲೆಮನೆಯ ಒಲೆಯನ್ನು ಕಂಡವರಿಗೆ ಈ ವಿಷಯವನ್ನು ಹೊಸದಾಗಿ ಹೇಳಬೇಕಾಗಿಲ್ಲ. ಗಾಣದಿಂದ ಹೊರಬಿದ್ದ ಸಿಪ್ಪೆಯನ್ನು ಬಯಲಿನಲ್ಲಿ ಹರವಿ, ಒಣಗಿಸಿ, ಅದನ್ನೇ ಕೊಪ್ಪರಿಗೆಯ ಕೆಳಗೆ ಉರಿಸಿ, ಅದೇ ಕಬ್ಬಿನ ಹಾಲನ್ನು ಬೆಲ್ಲ ಮಾಡುವುದು ನಮ್ಮ ಮಂಡ್ಯ ಸೀಮೆಯ ರೈತನಿಗೆ ಬಹುಕಾಲದಿಂದ ಗೊತ್ತಿರುವ ವಿದ್ಯೆ. ಬೆಳೆಯ ಉಳಿಕೆಯಿಂದ ಶಕ್ತಿ ಪಡೆಯುವುದೆಂದು ಇಂದು ಸಭೆ ಸಮ್ಮೇಳನಗಳಲ್ಲಿ ಪಂಡಿತರು ಹೇಳುತ್ತಿರುವುದು ಇದಲ್ಲದೆ ಬೇರೇನು? ಆದರೆ ವ್ಯತ್ಯಾಸವೊಂದುಂಟು. ಆಲೆಮನೆಯಲ್ಲಿ ಸಿಪ್ಪೆಯಿಂದ ಉಳಿದ ಸೌದೆಯ ಖರ್ಚು ಬೆಲ್ಲ ಮಾಡಿಸಿದವನಿಗೇ ಉಳಿತಾಯ. ಸಕ್ಕರೆ ಕಾರ್ಖಾನೆಯ ತೂಕದ ಸೇತುವೆ ದಾಟಿದ ಕಬ್ಬಿನ ಸಿಪ್ಪೆಯಾದರೋ ಬೆಳೆದವನದಲ್ಲ.

ಒಂದು ಟನ್ ಕಬ್ಬು ಅರೆದರೆ ಸುಮಾರು 300 ಕಿಲೋ ಹಸಿ ಸಿಪ್ಪೆ ಬರುತ್ತದೆ. ಅದರಲ್ಲಿ ಹೆಚ್ಚುಕಡಿಮೆ ಅರ್ಧ ನೀರು. ದಿನಕ್ಕೆ 5,000 ಟನ್ ಅರೆಯುವ ಕಾರ್ಖಾನೆಗೆ ದಿನಕ್ಕೆ 1,500 ಟನ್ ಸಿಪ್ಪೆ. ಹಿಂದೆ ಕಡಿಮೆ ಒತ್ತಡದ ಬಾಯ್ಲರಿನಲ್ಲಿ ಸುಟ್ಟು, ಕಾರ್ಖಾನೆ ತನ್ನ ಯಂತ್ರಗಳಿಗಷ್ಟೇ ಆವಿ ಮಾಡಿಕೊಳ್ಳುತ್ತಿತ್ತು. ಈಗ ಹೆಚ್ಚಿನ ಒತ್ತಡದ ಬಾಯ್ಲರು, ದೊಡ್ಡ ಟರ್ಬೈನು ಬಂದಿವೆ. ತನ್ನ ಕೆಲಸಕ್ಕಾಗಿ ಮಿಕ್ಕ ವಿದ್ಯುತ್ತನ್ನು ಕಾರ್ಖಾನೆ ಮಾರುತ್ತದೆ. ಒಳ್ಳೆಯದೇ. ಕಲ್ಲಿದ್ದಲು ಸುಡುವುದಕ್ಕಿಂತ ಪ್ರತಿವರ್ಷ ಗದ್ದೆಯಲ್ಲೇ ಬೆಳೆಯುವ ಇಂಧನ ಸುಡುವುದು ಮೇಲು. ನಮ್ಮ ಜಗಳ ವಿದ್ಯುತ್ತಿನೊಡನೆ ಅಲ್ಲ, ಅದರ ಲೆಕ್ಕದೊಡನೆ.

ಕಾನೂನು ಏನೆನ್ನುತ್ತದೆ ನೋಡಿ. 1966ರ ಕಬ್ಬು ನಿಯಂತ್ರಣ ಆಜ್ಞೆಗೆ ಆಮೇಲೆ ಆದ ತಿದ್ದುಪಡಿಯಂತೆ, ಕಬ್ಬಿನ ದರ ಗೊತ್ತುಮಾಡುವಾಗ ಕಾಕಂಬಿ, ಸಿಪ್ಪೆ, ಮಡ್ಡಿಗಳ ಆದಾಯವನ್ನೂ ಗಮನಿಸಬೇಕು. ಆದರೆ ಹೆಚ್ಚಿನ ಲಾಭದಲ್ಲಿ ರೈತನಿಗೆ ಪಾಲು ಕೊಡಿಸುತ್ತಿದ್ದ 5ಎ ಕಲಮನ್ನು 2009ರಲ್ಲಿ ತೆಗೆದೇ ಹಾಕಿದರು. 2012ರಲ್ಲಿ ರಂಗರಾಜನ್ ಸಮಿತಿ, ಸಕ್ಕರೆ ಮತ್ತು ಈ ಮೂರು ಉಪವಸ್ತುಗಳ ಮೌಲ್ಯದಲ್ಲಿ ನೂರಕ್ಕೆ 70ರಷ್ಟು, ಇಲ್ಲವೇ ಸಕ್ಕರೆಯೊಂದರ ಮೌಲ್ಯದಲ್ಲೇ ನೂರಕ್ಕೆ 75ರಷ್ಟು ರೈತನಿಗೆ ಸಲ್ಲಲಿ ಎಂದಿತು. ಅಂದರೆ ಕಾಕಂಬಿ, ಸಿಪ್ಪೆ, ಮಡ್ಡಿ ಮೂರಕ್ಕೂ ಸೇರಿ ಆ 5ರಲ್ಲೇ ಸಮಾಧಾನ! ಅದೂ ಸಿಪ್ಪೆಯನ್ನು ಸಿಪ್ಪೆಯೆಂದೇ ಎಣಿಸಿ; ಅದು ವಿದ್ಯುತ್ತಾದಾಗ ಬರುವ ಹಣವನ್ನಲ್ಲ. ತನ್ನ ಸಿಪ್ಪೆಯನ್ನು ತಾನೇ ಸುಡುವ ಕಾರ್ಖಾನೆ ಅದಕ್ಕೆ ಯಾವ ಬೆಲೆ ಬರೆದುಕೊಂಡರೆ ಅದೇ ಬೆಲೆಯಾದೀತಲ್ಲವೇ?

ಬಾಯ್ಲರು, ಟರ್ಬೈನುಗಳಿಗೆ ಬಂಡವಾಳ ಹಾಕಿದವರು ನಾವು ಎಂದು ಮಾಲೀಕರು ಹೇಳುತ್ತಾರೆ. ಸರಿ, ಆ ಬಂಡವಾಳಕ್ಕೆ ಬಡ್ಡಿ, ಸವಕಳಿ, ನ್ಯಾಯವಾದ ಲಾಭ ಎಲ್ಲವನ್ನೂ ಮುರಿದುಕೊಳ್ಳಲಿ. ಉಳಿದದ್ದನ್ನು ಹಂಚಲಿಕ್ಕೆ ಅಡ್ಡಿಯೇನು? ಸಕ್ಕರೆಯ ನಾಡೇ ಆದ ಮಾರಿಷಸ್ ದ್ವೀಪದಲ್ಲಿ, ವಿದ್ಯುತ್ತಿಗೆ ಹೋಗುವ ಸಿಪ್ಪೆಯ ಹಣ ಕಬ್ಬು ಬೆಳೆದವರಿಗೂ ಮುಟ್ಟಲೆಂದು 1985ರಲ್ಲಿಯೇ ಒಂದು ನಿಧಿ ಏರ್ಪಟ್ಟಿತು. ಆ ಮೊತ್ತ ಸಾಲದೆಂದು ಅಲ್ಲಿಯ ಸಣ್ಣ ಬೆಳೆಗಾರರು ಗೊಣಗಿದ್ದುಂಟು. ಆದರೆ ಸಿಪ್ಪೆಗೂ ಒಡೆಯರುಂಟೆಂಬ ತತ್ವವನ್ನು ಅಲ್ಲಿಯ ಸರಕಾರ ಒಪ್ಪಿತು.

ಇನ್ನು ಗದ್ದೆಯಲ್ಲೇ ಉಳಿಯುವ ತರಗಿನ ಮಾತು. ಅದಕ್ಕೆ ಬೆಂಕಿ ಹಚ್ಚುವವರು ಹಲವರಿದ್ದಾರೆ; ಸಾರಜನಕವೆಲ್ಲ ಹೊಗೆಯಾಗಿ ಹೋಗುತ್ತದೆ. ಅದನ್ನೂ ವಿದ್ಯುತ್ತಿಗೆ ಕೊಡಿ ಎನ್ನುವವರಿಗೆ ನಾವು ಅಷ್ಟು ಸುಲಭವಾಗಿ ಹೂಂ ಎನ್ನಲಾರೆವು. ಕೂಳೆ ಬೆಳೆಯ ಸಾಲಿನ ನಡುವೆ ಹೊದಿಸಿದ ತರಗು ತೇವ ಹಿಡಿದಿಟ್ಟು, ಕೊಳೆತು ಗೊಬ್ಬರವಾಗುತ್ತದೆ. ಬಯಲುಸೀಮೆಯ ಜೋಳದ ಕಡ್ಡಿ ಎತ್ತಿನ ಮೇವು. ಹತ್ತಿಯ ಕಡ್ಡಿ ಕೂಲಿಯವಳ ಒಲೆಯ ಸೌದೆ. ಮೇಜಿನ ಮುಂದೆ ಕುಳಿತು ಇವನ್ನೆಲ್ಲ ‘ತ್ಯಾಜ್ಯ’ವೆಂದು ಬರೆದುಕೊಂಡವರು ಒಮ್ಮೆಯಾದರೂ ಅವಳನ್ನು ಕೇಳಿದ್ದಾರೆಯೇ?

2025ರ ನವೆಂಬರಿನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರದಲ್ಲಿ ರೈತರು ಟನ್ನಿಗೆ 3,500 ರೂ. ಕೇಳಿ ರಸ್ತೆಯಲ್ಲಿ ಕುಳಿತರು, 3,300ಕ್ಕೆ ರಾಜಿಯಾಯಿತು. ಟನ್ನಿನ ದರಕ್ಕಾಗಿ ಹೀಗೆ ಕುಳಿತವರು ಇನ್ನೊಂದನ್ನೂ ಕೇಳಬೇಕು. ಪ್ರತಿಯೊಂದು ಕಾರ್ಖಾನೆಯೂ ಹಂಗಾಮಿನಲ್ಲಿ ಎಷ್ಟು ಸಿಪ್ಪೆ ಸುಟ್ಟಿತು, ಎಷ್ಟು ಯೂನಿಟ್ ಮಾರಿತು, ಎಷ್ಟು ಹಣ ಬಂತು ಎಂಬುದನ್ನು ಗೇಟಿನ ಹಲಗೆಯ ಮೇಲೆ ಬರೆದು ಹಾಕಲಿ. ರೈತನ ಬಿಲ್ಲಿನಲ್ಲಿ ಕಡಿತ, ಸಾಗಣೆಗೆ ಮುರಿದುಕೊಳ್ಳುವ ಕಾಲಮು ಈಗಾಗಲೇ ಇದೆ. ಅದರ ಪಕ್ಕದಲ್ಲಿ ಸಿಪ್ಪೆಗೆಂದು ಕೂಡಿಸುವ ಕಾಲಮೂ ಒಂದಿರಲಿ.