ಬೆಂಕಿಯುಗುಳುವ ನಾಯಿಯೂ ಭೌತಶಾಸ್ತ್ರದ ತಕ್ಕಡಿಯೂ

ಶಕ್ತಿಯ ಸಂರಕ್ಷಣಾ ನಿಯಮವನ್ನು ಪಾಠ ಹೇಳುತ್ತಿದ್ದ ಒಂದು ದಿನ ನಮ್ಮ ತರಗತಿಯಲ್ಲಿ ನಡೆದ ಸಣ್ಣ ಸಂಗತಿಯೊಂದನ್ನು ಮೊದಲು ಓದುಗರ ಮುಂದಿಡುತ್ತೇವೆ. ಹಿಂದಿನ ಬೆಂಚಿನಲ್ಲಿದ್ದ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, “ಸಾರ್, ಪೋಕೆಮಾನ್ ಆಟದಲ್ಲಿ ಹೌಂಡೂಮ್ ಎಂಬ ನಾಯಿ ಬಾಯಿಂದ ಬೆಂಕಿ ಉಗುಳುತ್ತದೆ. ಅಷ್ಟು ಬೆಂಕಿಗಾಗಿ ಅದು ದಿನಕ್ಕೆ ಎಷ್ಟು ತಿನ್ನಬೇಕಾದೀತು?” ಎಂದು ಕೇಳಿದಳು. ತರಗತಿಯೆಲ್ಲ ಗೊಳ್ಳೆಂದು ನಕ್ಕಿತು. ನಾವೂ ನಕ್ಕೆವು. “ಆಟದ ಮಾತು ಆಟದ ಹೊತ್ತಿಗಿರಲಿ, ಪಾಠಕ್ಕೆ ಬನ್ನಿ” ಎಂದೆವು. ಆಕೆ ಕುಳಿತಳು. ಆ ತಿಂಗಳು ಮತ್ತೆ ಯಾವ ಪ್ರಶ್ನೆಯನ್ನೂ ಕೇಳಲಿಲ್ಲ.

ಕೆಲವು ದಿನಗಳ ತರುವಾಯ ಕಿರುಪರೀಕ್ಷೆ ನಡೆಯಿತು. 60 ಕಿಲೋಗ್ರಾಂ ತೂಕದ ಮನುಷ್ಯನೊಬ್ಬ 3 ಮೀಟರ್ ಎತ್ತರದ ಮೆಟ್ಟಲುಗಳನ್ನು 4 ಸೆಕೆಂಡುಗಳಲ್ಲಿ ಹತ್ತಿದರೆ ಅವನ ಸಾಮರ್ಥ್ಯವೆಷ್ಟು ಎಂಬುದು ಒಂದು ಪ್ರಶ್ನೆ. ಉತ್ತರ 441 ವಾಟ್. ಅಂದು ಎಲ್ಲರಿಗಿಂತ ಗಟ್ಟಿಯಾಗಿ ನಕ್ಕಿದ್ದ ಹುಡುಗನೊಬ್ಬ 441 ಕಿಲೋವಾಟ್ ಎಂದು ಬರೆದು, ಅದರಡಿ ಎರಡು ಗೆರೆಗಳನ್ನು ಎಳೆದಿದ್ದ. ಸುಮಾರು 590 ಕುದುರೆಗಳ ಸಾಮರ್ಥ್ಯ! ಆ ಮನುಷ್ಯನನ್ನು ಕಂಡು ಅವನಿಗೆ ನಗು ಬರಲಿಲ್ಲ. ನಾವಾದರೋ, “ವಿಧಾನ ಸರಿ, ಏಕಮಾನ ತಪ್ಪು” ಎಂದು ಅರ್ಧ ಅಂಕ ಕಳೆದು ಮುಂದಿನ ಹಾಳೆಗೆ ಹೋದೆವು.

ಅಂದು ರಾತ್ರಿ ಈ ಎರಡು ಸಂಗತಿಗಳೂ ಒಟ್ಟಿಗೆ ನೆನಪಾಗಿ ನಮಗೆ ನಾಚಿಕೆಯಾಯಿತು. ಭೌತಶಾಸ್ತ್ರದ ನಿಜವಾದ ಪ್ರಶ್ನೆಯನ್ನು ಕೇಳಿದವಳನ್ನು ಕೂಡಿಸಿದ್ದೆವು. ಅಸಂಭವವಾದ ಸಂಖ್ಯೆಯನ್ನು ಬರೆದವನಿಗೆ ಹೆಚ್ಚು ಕಡಿಮೆ ಪೂರ್ತಿ ಅಂಕ ಕೊಟ್ಟಿದ್ದೆವು. ಇಂತಹ ಆಟಗಳ ವಿಚಿತ್ರ ಪ್ರಾಣಿಗಳನ್ನು ವಿಜ್ಞಾನದ ತರಗತಿಯಿಂದ ಹೊರಗಟ್ಟಬೇಕೆಂಬ ಮಾತು ಅಧ್ಯಾಪಕರಲ್ಲಿ ಆಗಾಗ ಕೇಳಿಬರುತ್ತದೆ. ಅವನ್ನು ಒಳಗೆ ಕರೆದು ತಕ್ಕಡಿಯಲ್ಲಿಟ್ಟು ತೂಗಬೇಕು ಎಂಬುದು ಈಗ ನಮ್ಮ ಅಭಿಪ್ರಾಯ. ಕಾರಣಗಳನ್ನು ಹೇಳುತ್ತೇವೆ.

ಆಟವನ್ನು ಅರಿಯದ ಓದುಗರಿಗಾಗಿ ಎರಡು ಮಾತು. ಪೋಕೆಮಾನ್ ಜಪಾನಿನಲ್ಲಿ 1996ರಲ್ಲಿ ಹುಟ್ಟಿದ ವಿಡಿಯೊ ಆಟ. ಕಾಡುಮೇಡುಗಳಲ್ಲಿ ಅಲೆದು ವಿಚಿತ್ರ ಪ್ರಾಣಿಗಳನ್ನು ಹಿಡಿಯುವುದು, ಸಾಕುವುದು, ಒಂದರೊಡನೊಂದನ್ನು ಸೆಣಸಾಡಿಸುವುದು ಇದರ ಸ್ವರೂಪ. ಇದನ್ನು ಕಲ್ಪಿಸಿದ ಸತೋಶಿ ತಾಜಿರಿ ಬಾಲ್ಯದಲ್ಲಿ ಟೋಕಿಯೊ ನಗರದ ಹೊರವಲಯದಲ್ಲಿ ಕೀಟಗಳನ್ನು ಹಿಡಿದು ಕೂಡಿಡುತ್ತಿದ್ದವರು. ಆ ಹವ್ಯಾಸವೇ ಆಟದ ಬೀಜ. ಆಟದೊಳಗೆ ಪೋಕೆಡೆಕ್ಸ್ ಎಂಬ ಪ್ರಾಣಿಕೋಶವೊಂದುಂಟು. ಪ್ರತಿಯೊಂದು ಪ್ರಾಣಿಯ ಎತ್ತರ, ತೂಕ ಮತ್ತು ಸ್ವಭಾವಗಳನ್ನು ಅದು ಗಂಭೀರವಾಗಿ ಹೇಳುತ್ತದೆ. 1999ರಲ್ಲಿ ಬಂದ ‘ಗೋಲ್ಡ್’ ಮತ್ತು ‘ಸಿಲ್ವರ್’ ಎಂಬ ಆವೃತ್ತಿಗಳಲ್ಲಿ ಹೌಂಡೂಮ್ ಮೊದಲು ಕಾಣಿಸಿಕೊಂಡಿತು. ಕಪ್ಪು ಮೈ, ಹಿಂದಕ್ಕೆ ಬಾಗಿದ ಎರಡು ಕೊಂಬು. ಎತ್ತರ 1.4 ಮೀಟರ್, ತೂಕ 35 ಕಿಲೋಗ್ರಾಂ. ಅದರ ದೇಹದೊಳಗೆ ವಿಷಪದಾರ್ಥಗಳು ಉರಿಯುವುದರಿಂದ ಬಾಯಿಂದ ಕಟುವಾಸನೆಯ ಜ್ವಾಲೆ ಹೊರಡುತ್ತದೆಂದು ಕೋಶದ ಹೇಳಿಕೆ.

ಈಗ ಆ ವಿದ್ಯಾರ್ಥಿನಿಯ ಪ್ರಶ್ನೆಗೆ ಬರೋಣ. ಜ್ವಾಲೆಯ ಸಾಮರ್ಥ್ಯವನ್ನು ಕೋಶ ತಿಳಿಸುವುದಿಲ್ಲ, ನಾವೇ ಊಹಿಸಬೇಕು. ಮನೆಯ ಅಡುಗೆ ಅನಿಲದ ಒಲೆಯ ಒಂದು ಉರಿ ಸುಮಾರು 2 ಕಿಲೋವಾಟ್ ಶಾಖವನ್ನು ಕೊಡುತ್ತದೆ. ನಾಯಿಯ ಜ್ವಾಲೆ ಇಂತಹ ಇಪ್ಪತ್ತು ಉರಿಗಳಿಗೆ ಸಮವೆಂದು ಇಟ್ಟುಕೊಳ್ಳೋಣ, ಅಂದರೆ 40 ಕಿಲೋವಾಟ್. ಹತ್ತು ಸೆಕೆಂಡು ಉಗುಳಿದರೆ 400 ಕಿಲೋಜೂಲ್. ಇನ್ನು ಆಹಾರ. ಮೈಮುರಿದು ದುಡಿಯುವ 35 ಕಿಲೋಗ್ರಾಂ ತೂಕದ ನಾಯಿಗೆ ದಿನಕ್ಕೆ ಸುಮಾರು 2,000 ಕಿಲೋಕ್ಯಾಲೊರಿ, ಎಂದರೆ 8,400 ಕಿಲೋಜೂಲ್ ಬೇಕು. ಹತ್ತು ಸೆಕೆಂಡಿನ ಬೆಂಕಿ ಇದರಲ್ಲಿ ಇಪ್ಪತ್ತೊಂದನೆಯ ಒಂದು ಪಾಲು ಮಾತ್ರ! ಆಹಾರವನ್ನು ಇಂಧನವಾಗಿ ಮಾರ್ಪಡಿಸುವಾಗ ಅರ್ಧ ನಷ್ಟವಾಗುವುದೆಂದರೂ ಹತ್ತನೆಯ ಒಂದು ಪಾಲನ್ನು ಮೀರದು. ದಿನಕ್ಕೊಮ್ಮೆ ಬೆಂಕಿಯುಗುಳುವ ನಾಯಿಗೆ ಒಂದು ಹಿಡಿ ಅನ್ನ ಹೆಚ್ಚಾಗಿ ಹಾಕಿದರೆ ಸಾಕು.

ಈ ಉತ್ತರ ನಮ್ಮನ್ನು ಬೆರಗುಗೊಳಿಸಿತು. ಶಕ್ತಿಯ ನಿಯಮದ ಮುಂದೆ ಈ ಪ್ರಾಣಿ ಒಂದು ಕ್ಷಣವೂ ನಿಲ್ಲಲಾರದೆಂದು ನಾವು ಲೆಕ್ಕ ಹಾಕದೆಯೇ ನಂಬಿದ್ದೆವು. ನಮ್ಮ ನಗುವಿಗೆ ಆಧಾರವೇ ಇರಲಿಲ್ಲ.

ಆದರೆ ಕೋಶದ ವಾಕ್ಯವನ್ನು ಇನ್ನೊಮ್ಮೆ ನೋಡೋಣ. ಬೆಂಕಿ ‘ದೇಹದೊಳಗೆ’ ಉರಿಯುತ್ತದೆಯಂತೆ. ಸೀಮೆಎಣ್ಣೆಯಂತಹ ಇಂಧನವಾದರೆ 400 ಕಿಲೋಜೂಲಿಗೆ ಸುಮಾರು 10 ಗ್ರಾಂ ಬೇಕು, ಎರಡು ಮೂರು ಚಹಾ ಚಮಚೆಯಷ್ಟು. ಇದನ್ನು ಒಂದು ಗ್ರಂಥಿಯಲ್ಲಿ ಅಡಗಿಸಿಡಬಹುದು. ಆದರೆ ಒಂದು ಗ್ರಾಂ ಎಣ್ಣೆ ಪೂರ್ಣವಾಗಿ ಉರಿಯಲು ಸುಮಾರು 15 ಗ್ರಾಂ ಗಾಳಿ ಬೇಕಷ್ಟೆ. ಹತ್ತು ಗ್ರಾಮಿಗೆ 150 ಗ್ರಾಂ ಗಾಳಿ, ಅಂದರೆ 125 ಲೀಟರು. ವಯಸ್ಕ ಮನುಷ್ಯನ ಶ್ವಾಸಕೋಶಗಳು ಪೂರ್ತಿ ತುಂಬಿದಾಗ ಹಿಡಿಯುವುದು ಸುಮಾರು 6 ಲೀಟರು. ಹೌಂಡೂಮಿನ ತೂಕ 35 ಕಿಲೋಗ್ರಾಂ ಆದ್ದರಿಂದ ಅದರ ಇಡೀ ದೇಹದ ಗಾತ್ರವೇ ಸುಮಾರು 35 ಲೀಟರು. ಈ ದೇಹದೊಳಗೆ 125 ಲೀಟರು ಗಾಳಿ ಎಲ್ಲಿಂದ ಬರಬೇಕು? ಆದ್ದರಿಂದ ಬೆಂಕಿ ಒಳಗೆ ಉರಿಯಲಾರದು. ಇಂಧನ ಮಾತ್ರ ಬಾಯಿಂದ ಚಿಮ್ಮಬೇಕು, ಹೊರಗಿನ ಗಾಳಿಯನ್ನು ಸೇರಿ ಹೊರಗೆ ಉರಿಯಬೇಕು. ಜಾತ್ರೆಯಲ್ಲಿ ಬಾಯಿಂದ ಸೀಮೆಎಣ್ಣೆ ಉಗಿದು ಪಂಜಿಗೆ ತಾಗಿಸುವ ಆಟಗಾರ ಮಾಡುವುದೂ ಇದನ್ನೇ. (ಇದನ್ನು ಯಾರೂ ಪರೀಕ್ಷಿಸಿ ನೋಡಬಾರದು. ಸೀಮೆಎಣ್ಣೆಯ ಕೆಲವು ಹನಿಗಳು ಶ್ವಾಸಕೋಶವನ್ನು ಹೊಕ್ಕರೂ ಪ್ರಾಣಕ್ಕೆ ಅಪಾಯ.)

ಕಟುವಾಸನೆಯ ಮಾತೇನು? ಎಣ್ಣೆ ಪೂರ್ಣವಾಗಿ ಉರಿದರೆ ಉಳಿಯುವುದು ಇಂಗಾಲದ ಡೈಆಕ್ಸೈಡ್ ಮತ್ತು ನೀರಿನ ಆವಿ. ಎರಡಕ್ಕೂ ವಾಸನೆಯಿಲ್ಲ. ವಾಸನೆ ಬಂದರೆ ಗಾಳಿ ಸಾಲದೆ ಇಂಧನ ಅರೆಬರೆ ಉರಿದಿದೆ, ಇಲ್ಲವೇ ಅದರಲ್ಲಿ ಗಂಧಕದಂತಹ ವಸ್ತು ಬೆರೆತಿದೆ ಎಂದರ್ಥ. ಹೀಗೆ ಒಂದೇ ವಾಕ್ಯದಲ್ಲಿ ‘ದೇಹದೊಳಗೆ’ ಎಂಬ ಪದ ಬಿದ್ದುಹೋಗುತ್ತದೆ, ‘ಕಟುವಾಸನೆ’ ಎಂಬ ಪದ ನಿಲ್ಲುತ್ತದೆ. ಆ ಜ್ವಾಲೆಯಿಂದಾದ ಸುಟ್ಟಗಾಯದ ನೋವು ಎಂದೆಂದಿಗೂ ಹೋಗುವುದಿಲ್ಲವೆಂದೂ ಕೋಶ ಹೇಳುತ್ತದೆ. ‘ಎಂದೆಂದಿಗೂ’ ಎಂಬುದನ್ನು ಅಳೆಯುವ ಗಡಿಯಾರ ನಮ್ಮಲ್ಲಿಲ್ಲ. ಆ ಮಾತನ್ನು ಸರಿಯೆಂದೂ ತಪ್ಪೆಂದೂ ಹೇಳದೆ ಬದಿಗಿಡಬೇಕು. ಯಾವುದು ನಿಲ್ಲುತ್ತದೆ, ಯಾವುದು ಬೀಳುತ್ತದೆ, ಯಾವುದು ಪರೀಕ್ಷೆಗೆ ಸಿಕ್ಕುವುದೇ ಇಲ್ಲ ಎಂದು ಬೇರ್ಪಡಿಸುವುದೇ ವಿಜ್ಞಾನದ ಕೆಲಸ.

ಇನ್ನು ಕಿಡಿಯ ಪ್ರಶ್ನೆ. ದಕ್ಷಿಣ ಅಮೆರಿಕದ ವಿದ್ಯುತ್ ಈಲ್ ಮೀನಿನ ಒಂದು ಪ್ರಭೇದ 860 ವೋಲ್ಟಿನವರೆಗೆ ವಿದ್ಯುತ್ತನ್ನು ಹೊರಡಿಸಬಲ್ಲದೆಂದು 2019ರಲ್ಲಿ ಪ್ರಕಟವಾಯಿತು. ಬಾಂಬಾರ್ಡಿಯರ್ ಎಂಬ ಜೀರುಂಡೆಯಂತೂ ತಾಜಿರಿಯವರ ಪೆಟ್ಟಿಗೆಗೆ ತಕ್ಕ ಪ್ರಾಣಿ. ಅದರ ಹೊಟ್ಟೆಯ ಒಂದು ಚೀಲದಲ್ಲಿ ಹೈಡ್ರೊಜನ್ ಪೆರಾಕ್ಸೈಡ್ ಮತ್ತು ಹೈಡ್ರೊಕ್ವಿನೋನ್ ಇರುತ್ತವೆ, ಮತ್ತೊಂದು ಕೋಣೆಯಲ್ಲಿ ಕಿಣ್ವಗಳು. ಶತ್ರು ಬಂದಾಗ ಇವೆಲ್ಲ ಒಂದುಗೂಡಿ, ದ್ರವವು ಸುಮಾರು 100 ಡಿಗ್ರಿ ಸೆಲ್ಸಿಯಸ್‌ಗೆ ಕಾದು ಹೊರಕ್ಕೆ ಸಿಡಿಯುತ್ತದೆ. ಈ ಸಿಡಿತ ಒಂದೇ ಧಾರೆಯಲ್ಲ, ಸೆಕೆಂಡಿಗೆ ಸುಮಾರು 500 ಮಿಡಿತಗಳೆಂದು ಥಾಮಸ್ ಐಸ್ನರ್ ಮತ್ತು ಸಂಗಡಿಗರು 1990ರಲ್ಲಿ ತೋರಿಸಿಕೊಟ್ಟರು. ಅಲ್ಲಿ ಜ್ವಾಲೆಯೇನೂ ಇಲ್ಲ. ಬೆಂಕಿಯುಗುಳುವ ಪ್ರಾಣಿ ನಿಸರ್ಗದಲ್ಲಿ ಎಲ್ಲಿಯೂ ಕಂಡುಬಂದಿಲ್ಲ. ಆದರೆ ‘ಕಂಡುಬಂದಿಲ್ಲ’ ಎಂಬುದು ಬೇರೆ, ‘ಶಕ್ತಿಯ ನಿಯಮಕ್ಕೆ ವಿರೋಧ’ ಎಂಬುದು ಬೇರೆ. ಈ ಭೇದವನ್ನು ಅಧ್ಯಾಪಕರಾದ ನಾವೇ ಮರೆತಿದ್ದೆವು.

ಮರುವಾರ ನಾವು ತರಗತಿಯಲ್ಲಿ ತಪ್ಪೊಪ್ಪಿಕೊಂಡು, ಈ ಲೆಕ್ಕವನ್ನು ಹಲಗೆಯ ಮೇಲೆ ಬರೆದೆವು. ಆಗ ಹುಡುಗರು ಅದೇ ಆಟದ ಇನ್ನೊಂದು ಬೆಂಕಿನಾಯಿಯನ್ನು ಮುಂದಿಟ್ಟರು. ಅದರ ಹೆಸರು ಆರ್ಕನೈನ್, ಎತ್ತರ 1.9 ಮೀಟರ್, ತೂಕ 155 ಕಿಲೋಗ್ರಾಂ. ಒಂದು ಹಗಲು ಒಂದು ರಾತ್ರಿಯಲ್ಲಿ ಅದು 10,000 ಕಿಲೋಮೀಟರ್ ಓಡುತ್ತದೆಂದು ಕೋಶದಲ್ಲಿದೆ. ಈ ಮಾತಿಗೆ ಯಾರೂ ನಗಲಿಲ್ಲ. ಓಡುವುದು ನಾಯಿಯ ಸಹಜ ಧರ್ಮವಲ್ಲವೇ?

ಲೆಕ್ಕ ಹಾಕಿದೆವು. 10,000 ಕಿಲೋಮೀಟರನ್ನು 24 ಗಂಟೆಗಳಿಂದ ಭಾಗಿಸಿದರೆ ಗಂಟೆಗೆ 417 ಕಿಲೋಮೀಟರ್, ಅಂದರೆ ಸೆಕೆಂಡಿಗೆ 116 ಮೀಟರ್. ಎದೆಯ ಅಗಲವನ್ನು ಅರ್ಧ ಚದರ ಮೀಟರ್ ಎಂದೂ ಗಾಳಿಯ ಎಳೆತದ ಗುಣಾಂಕವನ್ನು 1 ಎಂದೂ ಹಿಡಿದರೆ, ಗಾಳಿಯ ಪ್ರತಿರೋಧ ಸುಮಾರು 4,000 ನ್ಯೂಟನ್. ಅದನ್ನು ಭೇದಿಸಿಕೊಂಡು ಓಡಲು ಸುಮಾರು 468 ಕಿಲೋವಾಟ್ ಬೇಕು. ಇಡೀ ದಿನಕ್ಕೆ ಸುಮಾರು 40,400 ಮೆಗಾಜೂಲ್. ಹೌಂಡೂಮಿನ ಹತ್ತು ಸೆಕೆಂಡಿನ ಜ್ವಾಲೆಯನ್ನು ಒಂದು ಲಕ್ಷ ಸಲ ಉಗುಳಿದಷ್ಟು ಶಕ್ತಿ ಇದು! ಅಲಾಸ್ಕಾದ ಇಡಿಟರಾಡ್ ಪಂದ್ಯದಲ್ಲಿ ಹಿಮಬಂಡಿ ಎಳೆಯುವ ನಾಯಿಗಳು ಸುಮಾರು 1,600 ಕಿಲೋಮೀಟರ್ ಓಡಲು ಒಂಬತ್ತು ಹತ್ತು ದಿನಗಳನ್ನು ತೆಗೆದುಕೊಳ್ಳುತ್ತವೆ. ಅವುಗಳಿಗೆ ತಲಾ ದಿನಕ್ಕೆ ಸುಮಾರು 10,000 ಕಿಲೋಕ್ಯಾಲೊರಿ, ಎಂದರೆ 42 ಮೆಗಾಜೂಲ್ ಆಹಾರ ಬೇಕಾಗುತ್ತದೆ. ಆರ್ಕನೈನಿಗೆ ಇದರ ಸಾವಿರದಷ್ಟು ಬೇಕು, ಶುದ್ಧ ಕೊಬ್ಬನ್ನೇ ತಿಂದರೂ ಒಂದು ಟನ್ನಿನಷ್ಟು ಎಂದು ಬರೆದು ಸೀಮೆಸುಣ್ಣವನ್ನು ಕೆಳಗಿಟ್ಟೆವು.

ಅಷ್ಟರಲ್ಲಿ ಹಿಂದಿನ ಬೆಂಚಿನಿಂದ ಪರಿಚಿತ ಧ್ವನಿ ಕೇಳಿತು: “ಸಾರ್, ಸ್ನಾಯುವಿನ ದಕ್ಷತೆಯನ್ನು ಬಿಟ್ಟಿರಿ.” ನಿಜ. ಸ್ನಾಯುಗಳು ಶಕ್ತಿಯ ನಾಲ್ಕನೆಯ ಒಂದು ಪಾಲನ್ನು ಮಾತ್ರ ಕೆಲಸವಾಗಿ ಮಾರ್ಪಡಿಸುತ್ತವೆ. ಹಾಗಾದರೆ ಬೇಕಾದ ಕೊಬ್ಬು ನಾಲ್ಕು ಟನ್, ಪ್ರಾಣಿಯ ಸ್ವಂತ ತೂಕದ ಇಪ್ಪತ್ತೈದು ಪಟ್ಟಿಗೂ ಮಿಗಿಲು. ನಾವು ಸಂತೋಷದಿಂದ ಹಲಗೆಯನ್ನು ತಿದ್ದಿದೆವು. ಎರಡು ಗೆರೆ ಎಳೆದಿದ್ದ ಹುಡುಗನೂ ಆ 468 ಕಿಲೋವಾಟನ್ನು ನೋಡುತ್ತಿದ್ದ. ಮೆಟ್ಟಲು ಹತ್ತುವ ಮನುಷ್ಯನಿಗೆ ತಾನು ಕೊಟ್ಟ ಸಾಮರ್ಥ್ಯ ಹೆಚ್ಚು ಕಡಿಮೆ ಇದೇ ಎಂಬುದು ಅವನಿಗೆ ಹೊಳೆದಿರಬೇಕು. ತಲೆ ತಗ್ಗಿಸಿ ನಕ್ಕ.

ಪ್ರಾಣಿಯ ಬಾಯಿಂದ ಬರುವ ಬೆಂಕಿ ನಮ್ಮ ಕಣ್ಣನ್ನು ಕುಕ್ಕುತ್ತದೆ, ಸಂದೇಹ ತಾನಾಗಿ ಏಳುತ್ತದೆ. ಓಟದಂತಹ ಸಾಧಾರಣ ಮಾತಿನೊಳಗೆ ಅಡಗಿ ಬರುವ ಅಸಂಭವ ಸಂಖ್ಯೆಯಾದರೋ ಯಾರ ಕಣ್ಣಿಗೂ ಬೀಳುವುದಿಲ್ಲ. ಜಾಹೀರಾತುಗಳಲ್ಲಿ, ಸುದ್ದಿಗಳಲ್ಲಿ, ಮೊಬೈಲಿಗೆ ಬಂದು ಬೀಳುವ ಸಂದೇಶಗಳಲ್ಲಿ, ನಮ್ಮ ಉತ್ತರಪತ್ರಿಕೆಗಳಲ್ಲಿ ನಮ್ಮನ್ನು ಮೋಸಗೊಳಿಸುವುದು ಈ ಎರಡನೆಯ ಬಗೆಯ ಮಾತು. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಪರೀಕ್ಷೆಯ ಅವಸರದಲ್ಲಿ ನಾವು ಸೂತ್ರಗಳನ್ನು ಕಲಿಸುತ್ತೇವೆ, ಪ್ರಮಾಣಿಸಿ ನೋಡುವ ಅಭ್ಯಾಸವನ್ನು ಬಿಟ್ಟುಬಿಡುತ್ತೇವೆ.

ಕಲ್ಪನೆಯನ್ನು ಹೀಗೆ ತೂಗಿದರೆ ಅದರ ಸೊಗಸು ಹಾಳಾಗುವುದೆಂದು ಕೆಲವು ಮಿತ್ರರು ಆಕ್ಷೇಪಿಸುತ್ತಾರೆ. ಕತೆಯನ್ನು ಕತೆಯಾಗಿ ಸವಿಯುವುದಕ್ಕೆ ನಮ್ಮ ಅಡ್ಡಿಯೇನೂ ಇಲ್ಲ. ಆದರೆ ಕಿಲೋಗ್ರಾಂ, ಕಿಲೋಮೀಟರುಗಳ ಭಾಷೆಯನ್ನು ಆಟವೇ ಆಡುತ್ತಿರುವಾಗ ಅದೇ ಭಾಷೆಯಲ್ಲಿ ಉತ್ತರ ಕೊಡುವುದು ಅನ್ಯಾಯವಲ್ಲ. ಅಂದು ತರಗತಿ ಮುಗಿದ ಮೇಲೆ ಹುಡುಗರಿಗೆ ಆಟದ ಮೇಲಿನ ಪ್ರೀತಿ ಕಡಿಮೆಯಾದಂತೆ ನಮಗೆ ತೋರಲಿಲ್ಲ. ಬದಲಾಗಿ ಕೋಶದಿಂದ ಇನ್ನಷ್ಟು ಪ್ರಾಣಿಗಳನ್ನು ಆಯ್ದು ತಂದರು.

ಅವುಗಳಲ್ಲೊಂದನ್ನು ಓದುಗರಿಗೂ ಒಪ್ಪಿಸುತ್ತೇವೆ. ಮ್ಯಾಗ್‌ಕಾರ್ಗೋ ಎಂಬ ಬಸವನಹುಳುವಿನ ಮೈಶಾಖ ಸುಮಾರು 10,000 ಡಿಗ್ರಿ ಸೆಲ್ಸಿಯಸ್ ಎಂದು ಕೋಶದಲ್ಲಿದೆ. ಸೂರ್ಯನ ಮೇಲ್ಮೈಯ ಶಾಖ ಸುಮಾರು 5,500 ಡಿಗ್ರಿ. ಕಾದ ವಸ್ತು ಹೊರಸೂಸುವ ಶಕ್ತಿ ಅದರ ನಿರಪೇಕ್ಷ ತಾಪದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿರುತ್ತದೆ ಎಂಬುದನ್ನು ಬಲ್ಲಿರಿ. ಒಂದು ಚದರ ಮೀಟರಿಗೆ ಸೂರ್ಯನಿಗಿಂತ ಎಷ್ಟು ಪಟ್ಟು ಶಕ್ತಿಯನ್ನು ಈ ಹುಳು ಸೂಸಬೇಕು? ಅದನ್ನು ಹಿಡಿಯಹೊರಟ ಹುಡುಗನ ಗತಿಯೇನು? ಹಾಳೆಯ ಮೇಲೆ ಬರೆದು ನೋಡಿ. ಉತ್ತರ ಬಂದಾಗ, ಅದರಡಿ ಗೆರೆ ಎಳೆಯುವ ಮುನ್ನ, ಇದು ಆಗಬಹುದಾದುದೇ ಎಂದು ಒಮ್ಮೆ ಕೇಳಿಕೊಳ್ಳಿ.