ಲ್ಯಾಪ್‌ಟಾಪ್ ಉಡುಗೊರೆಯಲ್ಲ

ತುಮಕೂರಿನ ಮುಸ್ಲಿಂ ಮನೆಗಳಿಗೆ ‘ಮನೆಯಿಂದಲೇ ಕೆಲಸ’ ಎಂಬುದು ಹೊಸ ಸಂಗತಿಯೇನೂ ಅಲ್ಲ. ಕೊರೋನಾ ಬರುವುದಕ್ಕಿಂತ ದಶಕಗಳ ಮೊದಲೇ ಇಲ್ಲಿನ ಅನೇಕ ಮನೆಗಳ ಜಗಲಿ ಬೀಡಿಯ ಕಾರ್ಖಾನೆಯಾಗಿತ್ತು. ಎಲೆ, ಹೊಗೆಸೊಪ್ಪು ಮತ್ತು ನೂಲನ್ನು ಗುತ್ತಿಗೆದಾರ ಕೊಡುತ್ತಿದ್ದ. ಆದರೆ ಕತ್ತರಿ ಮತ್ತು ಮೊರ ಬೀಡಿ ಕಟ್ಟುವವಳದ್ದು. ಜಾಗ, ಬೆಳಕು, ಕೊನೆಗೆ ಬೆನ್ನುನೋವು ಕೂಡಾ ಅವಳದ್ದೇ. ಸಾವಿರ ಬೀಡಿಗೆ ಇಷ್ಟು ಎಂಬ ಲೆಕ್ಕದಲ್ಲಿ ಕೂಲಿ. ‘ಸರಿಯಿಲ್ಲ’ ಎಂದು ಪಕ್ಕಕ್ಕೆ ತೆಗೆದ ಬೀಡಿಗೆ ಕೂಲಿ ಇಲ್ಲ.

ಇಂದು ಅಂಥ ಮನೆಗಳಿಗೆ ಬೇರೊಂದು ಬಗೆಯ ಕೆಲಸ ಬರತೊಡಗಿದೆ. ಕಂಪೆನಿ ಇರುವುದು ಲಂಡನ್‌ನಲ್ಲೋ ದುಬೈಯಲ್ಲೋ. ಕೆಲಸಗಾರರು ಇರುವುದು ತುಮಕೂರು, ಗುಬ್ಬಿ ಅಥವಾ ಕುಣಿಗಲ್‌ನಲ್ಲಿ. ಇದನ್ನು ಸ್ವಾಗತಿಸಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ತುಮಕೂರಿನಿಂದ ಬೆಂಗಳೂರಿಗೆ ಸುಮಾರು 70 ಕಿ.ಮೀ. ಮುಂಜಾನೆಯ ರೈಲು ಹಿಡಿದು ರಾತ್ರಿ ಮರಳುವ ಬದುಕು ಸುಲಭದ್ದಲ್ಲ. ಪದವಿ ಮುಗಿಸಿಯೂ ಈ ಪ್ರಯಾಣದ ಕಾರಣಕ್ಕಾಗಿಯೇ ಮನೆಯಲ್ಲಿ ಉಳಿದ ಹೆಣ್ಣುಮಕ್ಕಳ ಪಾಲಿಗೆ ಇದು ತೆರೆದ ಬಾಗಿಲು. 2020ರ ನವೆಂಬರ್‌ನಲ್ಲಿ ಕೇಂದ್ರದ ದೂರಸಂಪರ್ಕ ಇಲಾಖೆಯು ಇಂಥ ಸೇವಾ ಸಂಸ್ಥೆಗಳ ನಿಯಮಗಳನ್ನು ಸಡಿಲಿಸಿ, ಮನೆಯಿಂದ ದುಡಿಯುವುದಕ್ಕೆ ಇದ್ದ ಅಡೆತಡೆಗಳನ್ನು ತೆಗೆದ ಬಳಿಕ ದಾರಿ ಇನ್ನಷ್ಟು ಸುಗಮವಾಗಿದೆ.

ಆದರೆ ಬಾಗಿಲು ತೆರೆದ ಸಂಭ್ರಮದಲ್ಲಿ ನಾವು ಒಂದು ಪ್ರಶ್ನೆಯನ್ನು ಮರೆಯುತ್ತೇವೆ: ಕೆಲಸಕ್ಕೆ ಬೇಕಾದ ಯಂತ್ರ ಯಾರದು? ಕಂಪೆನಿಯಿಂದ ಲ್ಯಾಪ್‌ಟಾಪ್ ಬಂದರೆ ಮನೆಮಂದಿ ಅದನ್ನು ಉಡುಗೊರೆಯೆಂಬಂತೆ ನೆಂಟರಿಗೆ ತೋರಿಸುತ್ತಾರೆ. ಬಾರದಿದ್ದರೆ ತಂದೆ ಸಾಲ ಮಾಡಿ ಕೊಡಿಸುತ್ತಾನೆ. ಇವೆರಡೂ ಸರಿಯಲ್ಲ. ಗುಬ್ಬಿ ತಾಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ 2023ರಲ್ಲಿ ಉದ್ಘಾಟನೆಯಾದ ಎಚ್.ಎ.ಎಲ್. ಹೆಲಿಕಾಪ್ಟರ್ ಕಾರ್ಖಾನೆಯ ಕಾರ್ಮಿಕನಿಗೆ, ಯಂತ್ರವನ್ನು ಮನೆಯಿಂದ ತಾ ಎಂದು ಯಾರಾದರೂ ಹೇಳುತ್ತಾರೆಯೇ? ಹಾಗಿದ್ದರೆ ಮನೆಯಲ್ಲಿ ಕುಳಿತು ದುಡಿಯುವವಳು ಮಾತ್ರ ಲ್ಯಾಪ್‌ಟಾಪ್, ಇಂಟರ್ನೆಟ್, ಯುಪಿಎಸ್, ಕುರ್ಚಿ ಎಲ್ಲವನ್ನೂ ತನ್ನ ಕಿಸೆಯಿಂದ ಏಕೆ ಹೊಂದಿಸಬೇಕು?

ಇಷ್ಟಕ್ಕೂ ವಿದೇಶೀ ಕಂಪೆನಿಯೊಂದು ಇಲ್ಲಿನವರನ್ನು ನೇಮಿಸಿಕೊಳ್ಳುವುದು ಮುಖ್ಯವಾಗಿ ಮೂರು ವಿಧದಲ್ಲಿ. ಒಂದು, ಭಾರತದಲ್ಲೇ ತನ್ನ ಅಂಗಸಂಸ್ಥೆಯನ್ನು ತೆರೆದು. ಎರಡು, ಇಲ್ಲಿನ ಇನ್ನೊಂದು ಸಂಸ್ಥೆಯ ಹಾಜರಿ ಪುಸ್ತಕದಲ್ಲಿ ಹೆಸರು ಬರೆಸಿ, ಸಂಬಳವನ್ನು ಅದರ ಮೂಲಕ ಕೊಟ್ಟು. ಮೂರು, ‘ಸ್ವತಂತ್ರ ಗುತ್ತಿಗೆದಾರ’ ಎಂಬ ಹೆಸರಿಟ್ಟು ನೇರವಾಗಿ. ಮೊದಲೆರಡರಲ್ಲಿ ಭವಿಷ್ಯನಿಧಿ, ಗ್ರಾಚ್ಯುಯಿಟಿ, ಹೆರಿಗೆ ರಜೆಗಳನ್ನು ಕೇಳಲು ಇಲ್ಲೇ ಒಬ್ಬ ಮಾಲಕನಿದ್ದಾನೆ. ಮೂರನೆಯದರಲ್ಲಿ ತಿಂಗಳ ಮೊತ್ತ ದೊಡ್ಡದಾಗಿ ಕಾಣುತ್ತದೆ ನಿಜ. ಆದರೆ ರಜೆಯ ದಿನ, ರೋಗದ ದಿನ, ಯಂತ್ರ ಕೆಟ್ಟ ದಿನ ಎಲ್ಲವೂ ದುಡಿಯುವವಳ ಲೆಕ್ಕಕ್ಕೆ. ಸಮಯ ಅವರದ್ದು, ಆಜ್ಞೆ ಅವರದ್ದು, ತಪಾಸಣೆ ಅವರದ್ದು. ನಷ್ಟ ಮಾತ್ರ ‘ಸ್ವತಂತ್ರ’!

ಇಲ್ಲಿಯೇ ಬೀಡಿ ಕಾರ್ಮಿಕರ ಇತಿಹಾಸ ನಮಗೆ ಪಾಠವಾಗಬೇಕು. ಮನೆಯಲ್ಲಿ ಬೀಡಿ ಕಟ್ಟುವವರು ತಮ್ಮ ಕಾರ್ಮಿಕರೇ ಅಲ್ಲ ಎಂದು ಮಾಲಕರು ಅಂದು ವಾದಿಸಿದ್ದರು. 1966ರ ಬೀಡಿ ಕಾರ್ಮಿಕರ ಕಾಯ್ದೆ ಅವರನ್ನು ಕಾರ್ಮಿಕರೆಂದು ಗುರುತಿಸಿತು. ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ಪ್ರಕರಣದಲ್ಲಿ ಸುಪ್ರೀಮ್ ಕೋರ್ಟು 1974ರಲ್ಲಿ ಆ ಕಾಯ್ದೆಯನ್ನು ಎತ್ತಿಹಿಡಿಯಿತು. 1985ರಲ್ಲಿ ಪಿ.ಎಂ. ಪಟೇಲ್ ಪ್ರಕರಣದಲ್ಲಿ ಅದೇ ನ್ಯಾಯಾಲಯವು, ಸರಕನ್ನು ತಿರಸ್ಕರಿಸುವ ಹಕ್ಕು ಮಾಲಕನಿಗಿದ್ದರೆ ಅದುವೇ ನಿಯಂತ್ರಣ, ಆದ್ದರಿಂದ ಮನೆಯಲ್ಲಿ ದುಡಿಯುವವರಿಗೂ ಭವಿಷ್ಯನಿಧಿ ಸಲ್ಲಬೇಕು ಎಂಬ ನಿಲುವು ತಾಳಿತು. ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1996ರ ಮನೆಗೆಲಸ ಒಡಂಬಡಿಕೆಯೂ, ಉಪಕರಣ ಯಾರು ಕೊಟ್ಟರು ಎಂಬುದನ್ನು ನೋಡದೆ, ಮನೆಯಲ್ಲಿ ಕೂಲಿಗಾಗಿ ದುಡಿಯುವವರ ಹಕ್ಕನ್ನು ಮಾನ್ಯ ಮಾಡಿದೆ. ಭಾರತ ಅದಕ್ಕೆ ಅಂಕಿತ ಹಾಕಿಲ್ಲ ಎಂಬುದು ವಿಷಾದದ ಸಂಗತಿ. 1966ರ ಕಾಯ್ದೆ ಈಗ, 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯೊಳಗೆ ಸೇರಿಹೋಗಿದೆ.

ವ್ಯತ್ಯಾಸವೇನೆಂದರೆ, ಬೀಡಿಯ ಮಾಲಕ ನಮ್ಮ ನ್ಯಾಯಾಲಯದ ಕಟಕಟೆಗೆ ಎಟಕುವ ದೂರದಲ್ಲಿದ್ದ. ಸಾಗರದಾಚೆಯ ಮಾಲಕನ ವಿರುದ್ಧ, ಅದೂ ಆ ದೇಶದ ಕಾನೂನಿಗೆ ಒಳಪಡಿಸಿದ ಒಪ್ಪಂದವನ್ನಿಟ್ಟುಕೊಂಡು, ಕುಣಿಗಲ್‌ನ ಹುಡುಗಿಯೊಬ್ಬಳು ಎಲ್ಲಿ ದಾವೆ ಹೂಡಬೇಕು? ಆದ್ದರಿಂದ ಅವಳ ಶಕ್ತಿಯೆಲ್ಲ ಇರುವುದು ಸಹಿ ಹಾಕುವ ಮೊದಲು.

ಸಹಿಗೆ ಮುನ್ನ ಕೆಲವು ವಿಷಯಗಳು ಬರಹದಲ್ಲಿರಲಿ. ತಾನು ಉದ್ಯೋಗಿಯೋ ಗುತ್ತಿಗೆದಾರಳೋ? ಯಂತ್ರದ ಒಡೆತನ ಯಾರದು, ದುರಸ್ತಿ ಯಾರ ಖರ್ಚು, ಕೆಲಸ ಬಿಟ್ಟಾಗ ಅದನ್ನು ಹಿಂದಿರುಗಿಸುವ ಸಾಗಾಟದ ವೆಚ್ಚ ಯಾರದು? ವಿದೇಶದಿಂದ ಲ್ಯಾಪ್‌ಟಾಪ್ ಕಳುಹಿಸುವುದಾದರೆ ಸುಂಕ ಯಾರು ಕಟ್ಟಬೇಕು? ಭಾರತದಲ್ಲೇ ಖರೀದಿಸಿ ಕೊಡುವಂತೆ ಕೇಳುವುದೇ ಜಾಣತನ. ಆ ಯಂತ್ರದ ಕ್ಯಾಮರಾ ಯಾವಾಗ ತೆರೆದಿರುತ್ತದೆ ಎಂಬುದನ್ನೂ ಕೇಳಿರಿ. ಎರಡು ಕೋಣೆಯ ಮನೆಯಲ್ಲಿ ಅದು ದುಡಿಯುವವಳೊಬ್ಬಳ ಪ್ರಶ್ನೆಯಲ್ಲ, ತಾಯಿ ಮತ್ತು ಅತ್ತಿಗೆಯ ಖಾಸಗಿತನದ ಪ್ರಶ್ನೆಯೂ ಹೌದು.

ಇನ್ನೊಂದು ಎಚ್ಚರಿಕೆ. ‘ಲ್ಯಾಪ್‌ಟಾಪ್‌ಗೆ ಠೇವಣಿ ಕಟ್ಟಿ’, ‘ನಿಮ್ಮ ಪಾರ್ಸೆಲ್ ಕಸ್ಟಮ್ಸ್‌ನಲ್ಲಿ ಸಿಕ್ಕಿಕೊಂಡಿದೆ, ಹಣ ಕಳುಹಿಸಿ’ ಎನ್ನುವವನನ್ನು ಮಾಲಕನೆಂದು ನಂಬಬೇಡಿ. ಹಣ ಕೊಡಬೇಕಾದವನೇ ಹಣ ಕೇಳುವುದೆಂದರೆ ಅಲ್ಲಿ ಕೆಲಸವಿಲ್ಲ, ವಂಚನೆಯಿದೆ. ಈಗಾಗಲೇ ಮೋಸ ಹೋದವರು ನಾಚಿಕೆಯಿಂದ ಸುಮ್ಮನಿರದೆ 1930ಕ್ಕೆ ಕರೆ ಮಾಡಬೇಕು.

ಹಾಗಂತ ಹೊಣೆ ಒಂದೇ ಕಡೆಯದ್ದಲ್ಲ. ಕಂಪೆನಿಯ ಲ್ಯಾಪ್‌ಟಾಪ್ ಒಂದು ಅಮಾನತ್ತು. ಅದರಲ್ಲಿ ತಮ್ಮ ಆಟವಾಡುವುದು, ಅಣ್ಣ ಸಿನಿಮಾ ಇಳಿಸಿಕೊಳ್ಳುವುದು, ಕೆಲಸ ಬಿಟ್ಟ ಮೇಲೆ ಹಿಂದಿರುಗಿಸದೆ ಇಟ್ಟುಕೊಳ್ಳುವುದು ವಿಶ್ವಾಸದ್ರೋಹ. ಒಬ್ಬರ ಇಂಥ ನಡತೆ ಆ ಊರಿನ ಮುಂದಿನ ಹತ್ತು ಮಂದಿಯ ಬಾಗಿಲನ್ನು ಮುಚ್ಚಬಲ್ಲದು. ಹಾಗೆಯೇ ದುಡಿಯುವವಳ ಸಮಯ ಮತ್ತು ಆರೋಗ್ಯ ಕಂಪೆನಿಯ ಕೈಯಲ್ಲಿರುವ ಅಮಾನತ್ತು.

ಅಜ್ಜಿ ಕತ್ತರಿ ಮತ್ತು ಮೊರ ಯಾರದು ಎಂದು ಕೇಳಲಿಲ್ಲ. ಕೇಳುವ ಅವಕಾಶವೂ ಅವಳಿಗಿರಲಿಲ್ಲ. ಓದಿದ ಮೊಮ್ಮಗಳಾದರೂ ಕೇಳಲಿ. ಕೇಳಿದರೆ ಕೆಲಸ ಕೈತಪ್ಪೀತು ಎಂದು ಹೆದರಿಸುವ ಬದಲು, ಒಪ್ಪಂದದ ಪ್ರತಿಯೊಂದು ಪುಟವನ್ನೂ ಅವಳ ಜೊತೆ ಕುಳಿತು ಓದುವ ತಂದೆ-ತಾಯಿ ಅವಳಿಗಿರಲಿ.